ಸಾವು ಕಾಲಿಡದ ಮನೆ

ಡಂಗುರದ ಪಕೀರಪ್ಪನದು ಎಲುಬಿಲ್ಲದ ನಾಲಿಗೆ ಎಂದು ಮಾನ್ವಿ ಹತ್ತಿರದ ಆ ಹಳ್ಳಿಯವರು ನಗುತ್ತಿದ್ದರು. ಆದರೆ ಹಲಗೆ ಬಡಿದು ಅವನು ಸಾರಿದ್ದೆಂದರೆ ಸರ್ಕಾರದ ಮಾತು. ಅದನ್ನು ಅಳಿಸಬೇಕಾದರೂ ಮತ್ತೆ ಹಲಗೆಯೇ ಬೇಕು.

ನಿಜಾಮರ ಆಳಿಕೆ ಮುಗಿದ ಮರುವರ್ಷ ರಾಯಚೂರಿನಿಂದ ಮಲೇರಿಯಾ ಇನ್‌ಸ್ಪೆಕ್ಟರ್ ಜಿಲಾನಿ ಪಾಷಾ ಡಿಡಿಟಿ ಪಂಪು ಹೊರಿಸಿಕೊಂಡು ಬಂದ. ಗೋಡೆಗೆ ಹೊಡೆದರೆ ಸೊಳ್ಳೆ ಸಾಯುತ್ತವೆ, ಚಳಿಜ್ವರ ಕಡಿಮೆಯಾಗುತ್ತದೆ, ಇಷ್ಟು ಸಾರು ಎಂದ. ಪಕೀರಪ್ಪ ಅಷ್ಟೇ ಸಾರಿದ. ಒಂದು ಬಾಗಿಲೂ ತೆರೆಯಲಿಲ್ಲ. ಚಳಿಜ್ವರಕ್ಕೆ ಇಬ್ಬರು ಮಕ್ಕಳನ್ನು ಮಣ್ಣು ಮಾಡಿದ ತಂದೆ ಅವನು. ಉಳಿದದ್ದು ತೊಟ್ಟಿಲ ಕೂಸೊಂದೇ. ಓಣಿಯಲ್ಲಿ ಸೊಳ್ಳೆ ಉಳಿದರೆ ಇದೂ ಉಳಿಯದು ಎಂಬ ದಿಗಿಲಿಗೆ ಹಲಗೆ ಹರಿಯುವಂತೆ ಬಡಿದ.

"ಕೇಳ್ರಪ್ಪೋ! ಈ ಮದ್ದು ಹೊಡಿಸಿದ ಮನಿಗಿ ಸಾವು ಕಾಲಿಡಾಂಗಿಲ್ಲ!"

ಬಾಗಿಲುಗಳು ದಡದಡ ತೆರೆದವು. ಪಾಷಾ ಮುಸಿಮುಸಿ ನಕ್ಕು, "ಡಂಗುರ ಹೊಡ್ಯಾಕ ದೇವದುರ್ಗಕ್ಕೂ ನೀನ ಬಾರಪ್ಪ" ಎಂದ.

ವಾರದೊಳಗೆ, ಮದ್ದು ಹೊಡೆಸುವ ಮೊದಲೇ ಜ್ವರ ಹಿಡಿದಿದ್ದ ತಾಯಣ್ಣ ಸತ್ತ. ಹೆಂಡತಿ ಗೋಪಮ್ಮ ಹೆಣ ಎತ್ತಗೊಡಲಿಲ್ಲ. ಊರವರು ಪಕೀರಪ್ಪನನ್ನೇ ಒಳಗೆ ದಬ್ಬಿದರು. ನಡುಹಗಲು. ಒಳಗೆ ಹಲ್ಲಿಯ ಲೊಚಗುಟ್ಟುವಿಕೆ ಕೂಡ ಇಲ್ಲ. ಮದ್ದಿನ ಕಮಟು ವಾಸನೆ, ನೆಲದ ತುಂಬ ಸತ್ತ ಇರುವೆ. ಗೋಪಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಗಂಜಿ ಹಾಕುತ್ತಿದ್ದಳು. ಗಂಜಿ ಗದ್ದದಿಂದ ಇಳಿಯುತ್ತಿತ್ತು.

"ಗದ್ಲ ಮಾಡಬ್ಯಾಡ, ಮಲಗ್ಯಾನ" ಎಂದಳು.

"ಯವ್ವಾ, ತಾಯಣ್ಣ ಹೋಗ್ಯಾನ."

"ಹೆಣಕ್ಕ ನೊಣ ಮುಕರ್ತಾವ. ಒಂದರ ತೋರ್ಸು ನೋಡಾಮು."

ತೆರೆದ ಬಾಯಿಯ ಮೇಲೂ ಒಂದು ನೊಣವಿರಲಿಲ್ಲ. ಒಂದು ಗಳಿಗೆ ಪಕೀರಪ್ಪನಿಗೂ ಆ ಎದೆ ಏರಿಳಿದಂತೆ ಕಂಡಿತು.

"ನಾ ಸುಳ್ಳು ಹೇಳೀನವ್ವಾ."

"ಹಲಿಗಿ ಬಡದು ಹೇಳಿದ್ದು ಸುಳ್ಳಾಗ್ತದೇನು?"

ಅವನು ಹೊರಗೆ ಬಂದು ಹಲಗೆ ಬಡಿದ. "ಸಾವು ಬರಂಗಿಲ್ಲಂತ ನಾ ಸಾರಿದ್ದು ಸುಳ್ಳು! ತಾಯಣ್ಣ ಸತ್ತಾನ! ಮದ್ದು ಸೊಳ್ಳಿ ಕೊಲ್ಲೂದು ಮಾತ್ರ ಖರೆ!"

ಒಳಗೆ ಗೋಪಮ್ಮ ಮೊದಲ ಸಲ ಕಿರುಚಿ ಅತ್ತಳು. ತನ್ನ ಹಲಗೆಯೇ ಅವಳ ಗಂಡನನ್ನು ಕೊಂದಿತೇನೋ ಎನಿಸಿ ಅವನಿಗೂ ಅಳು ಬಂತು. ಕೊನೆಯ ಮಾತನ್ನು ಮಾತ್ರ ಓಣಿ ಕೇಳಿಸಿಕೊಳ್ಳಲೇ ಇಲ್ಲ.

ಹೆಣ ಮಣ್ಣು ಮಾಡಿ ಬರುವಷ್ಟರಲ್ಲಿ ಹೆಂಗಸರೆಲ್ಲ ಮದ್ದು ಮುಚ್ಚಿಹೋಗುವಂತೆ ಗೋಡೆಗಳಿಗೆ ಸಗಣಿ ಸಾರಿಸುತ್ತಿದ್ದರು. ಪಕೀರಪ್ಪ ಮನೆಗೆ ಓಡಿದ. ಹೆಂಡತಿ ಯಮನಮ್ಮನ ಮೊಣಕೈತನಕ ಸಗಣಿ, ನಾಲ್ಕೂ ಗೋಡೆ ಹಸಿ.

"ಸುಳ್ಳಂತ ನೀನ ಸಾರಿದ್ಯಲ್ಲ!" ಎಂದಳು.

ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲ ಸುತ್ತ ಸೊಳ್ಳೆಗಳು ಗುಂಯ್‌ಗುಟ್ಟತೊಡಗಿದವು. ಪಕೀರಪ್ಪ ಹೆಗಲ ವಲ್ಲಿಯಿಂದ ಬೀಸುತ್ತ ಕೂತ. ಕೂಸಿನ ಮೈ ಮುಟ್ಟಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.