ತೊಮಿಯೆ ಮತ್ತೆ ಕಲಿಯಲು ಹೋದದ್ದು

"ಇದು ಆಸೆಗೆ ಕಲಿತದ್ದೋ, ಕಸುಬಿಗೋ?" ತರಗತಿಯ ರಸೀದಿ ನೋಡುತ್ತ ತೆರಿಗೆ ಸಲಹೆಗಾರ ಕೇಳಿದ.

ಪುರಸಭೆಯ ಸಭಾಂಗಣದಲ್ಲಿ ಮೇಜುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಫೆಬ್ರವರಿಯಲ್ಲಿ ಊರಿನ ಬಡಗಿಗಳು, ಕ್ಷೌರದವರು, ಅಂಗಡಿಯವರೆಲ್ಲ ವರ್ಷದ ಲೆಕ್ಕ ಒಪ್ಪಿಸಲು ಬರುವುದು ಇಲ್ಲಿಗೇ. ತೊಮಿಯೆ ಮೂವತ್ತು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಕಿಮೊನೊ ಉಡಿಸುವವಳು, ಊರಿಗೆಲ್ಲ ಟೀಚರಮ್ಮ. ಪಕ್ಕದ ಮೇಜಿನಲ್ಲಿ ತೋಫು ಅಂಗಡಿಯ ಫುಸಾಯೊ ಕೂತಿದ್ದಳು. ತೊಮಿಯೆ ದನಿ ತಗ್ಗಿಸಿದಳು.

"ಕಿಮೊನೊ ಉಡಿಸೋದು ಕಲಿಯೋಕೆ."

"ನೀವು ಮಾಡೋ ಕೆಲಸವೇ ಅದಲ್ವೇನಮ್ಮಾ? ಗೊತ್ತಿರೋದನ್ನ ಮತ್ತೆ ಯಾಕೆ ಕಲಿತ್ರಿ ಅಂತ ಹೇಳ್ಬೇಕು. ಕಸುಬಿಗೆ ಬೇಕಿತ್ತು ಅಂದ್ರೆ ಖರ್ಚಿಗೆ ಹಾಕ್ತೀನಿ. ಸುಮ್ನೆ ಆಸೆಗೆ ಅಂದ್ರೆ ಬರಲ್ಲ."

"ಟೀಚರಮ್ಮಂಗೇ ಪಾಠಾನಾ!" ಫುಸಾಯೊ ಇತ್ತ ವಾಲಿ ನಕ್ಕಳು. "ನಮ್ಮನೇಲೂ ಮೊಮ್ಮಗಳು ಒಬ್ಳಿದಾಳೆ, ನೆಟ್ಟಗೆ ನಿಲ್ಲೋದೂ ಕಲೀಲಿಲ್ಲ."

ಹೋದ ವರ್ಷದ ಜನವರಿಯಲ್ಲಿ, ಇಪ್ಪತ್ತು ತುಂಬಿದವರ ಸಮಾರಂಭಕ್ಕೆ ಫುಸಾಯೊಳ ಮೊಮ್ಮಗಳು ಚಿನಾತ್ಸುವಿಗೆ ಉಡಿಸಿದ್ದು ತೊಮಿಯೆಯೇ. ತುಂಬಿದ ಸಭೆಯಲ್ಲಿ ಹುಡುಗಿಯ ನಡುಪಟ್ಟಿ ಬಿಚ್ಚಿ ನೆಲಕ್ಕೆ ಜಾರಿತ್ತು. ಸಂಜೆ ಫುಸಾಯೊ ಕೇಳಲು ಬಂದಾಗ, "ಕುಣಿದಾಡಿರ್ಬೇಕು ಬಿಡಿ" ಎಂದುಬಿಟ್ಟಿದ್ದಳು. ಈಗಿನ ನುಣುಪು ಬಟ್ಟೆಗೆ ತನ್ನ ಹಳೆಯ ಗಂಟು ನಿಲ್ಲುವುದಿಲ್ಲವೆಂಬುದು ಆಗಲೇ ಅವಳಿಗೆ ತಿಳಿದಿತ್ತು. ಆಮೇಲೆ ಯಾರಿಗೂ ಹೇಳದೆ ದೂರದ ಪಟ್ಟಣಕ್ಕೆ ಹೋಗಿ, ಮಕ್ಕಳ ವಯಸ್ಸಿನವರ ಹಿಂದೆ ಕೂತು ಹೊಸ ಗಂಟು ಕಲಿತು ಬಂದಿದ್ದಳು.

"ಆಸೆಗೇ ಅಂತ ಬರ್ಕೊಳ್ಳಿ," ಎಂದಳು. ಸಲಹೆಗಾರ ರಸೀದಿಯನ್ನು ಪಕ್ಕಕ್ಕೆ ಸರಿಸಿದ.

ಫುಸಾಯೊಳ ಮಾತು ಮುಗಿದಿರಲಿಲ್ಲ. "ಮುಂದಿನ ವಾರ ಅವಳಕ್ಕನ ಮದುವೆ. ಚಿನಾತ್ಸು ಕಿಮೊನೊ ಮುಟ್ಟಲ್ಲ ಅಂತಾಳೆ ಟೀಚರಮ್ಮಾ. ನಾ ಕುಣೀಲಿಲ್ಲ ಅಜ್ಜೀ ಅಂತ ಇನ್ನೂ ಅದೇ ರಾಗ. ಸುಳ್ಳು ಬೇರೆ ಹೇಳ್ತೀಯೇನೇ ಅಂತ ಚೆನ್ನಾಗಿ ಉಗಿದೆ."

ತೊಮಿಯೆ ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡಿದಳು.

"ಸ್ವಾಮೀ, ಆ ರಸೀದಿ ವಾಪಸ್ ತಗೊಳ್ಳಿ," ಎಂದಳು. ದನಿ ತಗ್ಗಿಸಲಿಲ್ಲ. "ಕಸುಬಿಗೇ ಕಲಿತದ್ದು. ನನಗೆ ಕಟ್ಟೋಕೆ ಬರ್ತಿರ್ಲಿಲ್ಲ. ಹೋದ ವರ್ಷ ನಾ ಉಡಿಸಿದ ಹುಡುಗಿಗೆ ಸಭೇಲೇ ಬಿಚ್ಚಿಹೋಯ್ತು. ಅವಳು ಕುಣೀಲಿಲ್ಲ. ತಪ್ಪು ನಂದು."

ಸಲಹೆಗಾರ ತಲೆ ತಗ್ಗಿಸಿ ಬರೆದುಕೊಂಡ.

ಫುಸಾಯೊ ತೊಮಿಯೆಯ ಕಡೆ ತಿರುಗಲಿಲ್ಲ. ಚೀಲ ತಡಕಾಡಿ ಫೋನು ತೆಗೆದಳು.

"ಚಿನಾತ್ಸು, ಊಟ ಆಯ್ತೇನೇ?" ಎಂದಳು. ಫೋನನ್ನು ಕಿವಿಗೊತ್ತಿಕೊಂಡು ಕೂತೇ ಇದ್ದಳು. ಆ ಕಡೆಯಿಂದ ಹುಡುಗಿ, "ಅಜ್ಜೀ? ಅಜ್ಜೀ?" ಎಂದು ಕೂಗುತ್ತಿರುವುದು ತೊಮಿಯೆಗೂ ಕೇಳಿಸುತ್ತಿತ್ತು.