ಮೂರನೇ ಗಂಟೆ

ಕುಳಿತ ಹೆಣದ ತಲೆ ಮತ್ತೆ ಎಡಕ್ಕೆ ವಾಲಿತು. ರೇವಪ್ಪ ಅಪ್ಪನ ಗದ್ದದ ಕೆಳಗಿನ ಬಿಳಿ ವಸ್ತ್ರ ಬಿಚ್ಚಿ, ಗೋಡೆಯ ಗೂಟಕ್ಕೆ ಇನ್ನೊಮ್ಮೆ ಬಿಗಿದು ಕಟ್ಟಿದ.

“ಮೆಲ್ಲಗ ಕಟ್ಟೋ, ನೋವಾದೀತು,” ಎಂದಳು ಅವ್ವ ಸುಗಲಾಬಾಯಿ. ತಾನು ಅಂದದ್ದು ತನಗೇ ಕೇಳಿಸಿದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ವೈಜಿನಾಥಪ್ಪ ನಿನ್ನೆ ಹೊತ್ತು ಮುಳುಗುವಾಗ ತೀರಿಕೊಂಡಿದ್ದ. ತಾಂಡೂರಿನ ಹೊರಗಿನ ಕಲ್ಲುಖಣಿಯಲ್ಲಿ ಗಂಟೆ ಹೊಡೆಯುವುದು ಅವನ ಕೆಲಸ. ಗಂಟೆಯೆಂದರೆ ನಿಜಾಮರ ರೈಲುದಾರಿಯಿಂದ ಕಿತ್ತು ತಂದು ಬೇವಿನ ಮರಕ್ಕೆ ತೂಗುಬಿಟ್ಟ ಕಂಬಿಯ ತುಂಡು. ಮೊದಲನೇ ಗಂಟೆಗೆ ಮನೆ ಬಿಡಬೇಕು, ಎರಡನೆಯದಕ್ಕೆ ಖಣಿ ಕಣ್ಣಿಗೆ ಬಿದ್ದಿರಬೇಕು, ಮೂರನೆಯದಕ್ಕೆ ಫಾಟಕ ಮುಚ್ಚುತ್ತದೆ. ಹೊರಗುಳಿದವನು ಕಳೆದುಕೊಳ್ಳುವುದು ಒಂದು ದಿನದ ಕೂಲಿಯನ್ನಲ್ಲ, ಜಾಗವನ್ನೇ. ಅವನ ಸುತ್ತಿಗೆ ಎತ್ತಿಕೊಳ್ಳಲು ಫಾಟಕದ ಹೊರಗೆ ಹಸಿದವರ ಸಾಲೇ ಕೂತಿರುತ್ತಿತ್ತು. ಈ ಕಾಯ್ದೆ ಮಾಡಿದ ಸೇಠ ಹೈದರಾಬಾದಿನಲ್ಲಿ ಹೊದ್ದು ಮಲಗಿರುತ್ತಿದ್ದ. ಕಾಯ್ದೆ ಮಾತ್ರ ಇಲ್ಲಿ ಕೋಳಿಗಿಂತ ಮೊದಲೇ ಏಳುತ್ತಿತ್ತು.

“ಒಂದು ದಿನಾನೂ ಗಂಟಿ ತಪ್ಪಿಸಿಲ್ಲ, ಪುಣ್ಯಾತ್ಮ,” ಎಂದಳು ನೆರೆಮನೆಯ ಸಾಬಮ್ಮ.

“ಇವತ್ತ ತಪ್ಪಸ್ಯಾನಲ್ಲ,” ಎಂದ ಕಲ್ಲು ಸೀಳುವ ಕಾಶಪ್ಪ. “ರಜಾ ಬೇಕಂದ್ರ ಸಾಯಬೇಕು ನೋಡ್ರಿ ನಮ್ಮ ಖಣ್ಯಾಗ.”

ಯಾರೂ ನಗಲಿಲ್ಲ. ನಸುಕಿನಲ್ಲೇ ಮಣ್ಣು ಮಾಡಿ ಕೆಲಸಕ್ಕೆ ಓಡಬೇಕೆಂದು ಎಲ್ಲರೂ ಬಂದಿದ್ದರು. ಆದರೆ ಹೆಣದ ತಲೆಯ ಮೇಲೆ ಪಾದವಿಡಬೇಕಾದ ಮಠದ ಅಯ್ಯನವರು ಇನ್ನೂ ಬಂದಿರಲಿಲ್ಲ. ಅವರ ಬದಲು ಖಣಿಯ ಮುನ್ಶಿ ಆತ್ಮಾರಾಮ ಬಂದ. ಹೆಣಕ್ಕೆ ಕೈಮುಗಿದು, ರೇವಪ್ಪನನ್ನು ಅಂಗಳಕ್ಕೆ ಕರೆದ.

“ನಿಮ್ಮಪ್ಪನ ಜಾಗಾ ನಿನಗ ಕೊಡ್ತೀನಿ. ಖರೆ, ಇವತ್ತಿನ ಗಂಟಿ ನೀನೇ ಹೊಡೀಬೇಕು.”

“ಮಣ್ಣಾಗೋತನಾ ತಡೀರಿ, ಮುನ್ಶಿಸಾಬ.”

“ನಾ ತಡೀತೀನಪ. ಫಾಟಕದ ಹೊರಗ ಕುಂತವರು ತಡೀತಾರೇನು? ಈ ಖೋಲಿ ಸುದ್ದಾ ಗಂಟಿ ಹೊಡ್ಯಾವಂದೇ ಅದ, ನೆನಪಿಟ್ಕೊ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೇ ಕೊಡುತ್ತಿದ್ದ, ಬೆಲೆ ಹೇಳಿ. ರೇವಪ್ಪ ಒಳಗೆ ಬಂದು ಅವ್ವನ ಮುಂದೆ ಕುಕ್ಕರಿಸಿದ.

“ಮೊದಲನೇ ಮಣ್ಣು ನಾ ಹಾಕಬೇಕಲ್ಲಬೇ?”

ಸುಗಲಾಬಾಯಿ ಸೂರನ್ನು ನೋಡಿದಳು, ಗಂಡನನ್ನು ನೋಡಿದಳು. “ಹೋಗು ಮಗಾ. ಅವನಿದ್ರೂ ಹೋಗು ಅಂತಿದ್ದ.”

*

ಹಿಂದೊಮ್ಮೆ, ಖಣಿಯಲ್ಲಿ ಕಲ್ಲೊಡೆಯುತ್ತಿದ್ದ ಮೊಗಲಪ್ಪನ ತಾಯಿ ಸತ್ತಿದ್ದಳು. ಆಗ ರೇವಪ್ಪ ಖಣಿಗೆ ಹೊಸದಾಗಿ ಸೇರಿದ್ದ. ಮಣ್ಣು ಮುಗಿಸಿದ ಮೊಗಲಪ್ಪ ಒದ್ದೆ ಧೋತ್ರದಲ್ಲೇ ಹೊಲ ಹಾದು ಓಡಿ ಬರುತ್ತಿದ್ದದ್ದು ಬೇವಿನ ಮರದ ಬುಡದಿಂದ ಕಾಣುತ್ತಿತ್ತು.

“ಅಪ್ಪಾ, ಮೊಗಲಣ್ಣ ಬರಾಕತ್ಯಾನ. ಒಂದು ಉಸಿರು ತಡಿ.”

ವೈಜಿನಾಥಪ್ಪ ಓಡಿ ಬರುವವನನ್ನು ನೋಡಿದ. ಫಾಟಕದಲ್ಲಿ ನಿಂತ ಮುನ್ಶಿಯನ್ನು ನೋಡಿದ. ಮೂರನೇ ಗಂಟೆ ಹೊಡೆದೇಬಿಟ್ಟ. ಮೊಗಲಪ್ಪ ಮುಚ್ಚಿದ ಫಾಟಕ ಹಿಡಿದು ನಿಂತ, ಆಮೇಲೆ ತಿರುಗಿ ನಡೆದ.

ಆ ರಾತ್ರಿ ಅಪ್ಪ ಉಣ್ಣಲಿಲ್ಲ. “ನಾ ಕೈ ತಡದ್ರ ನಾಳಿ ಈ ಸುತ್ತಿಗಿ ಇನ್ನೊಬ್ಬನ ಕೈಯಾಗ,” ಎಂದಷ್ಟೇ ಅಂದ. ಅಂದಿನಿಂದ ಸಂತೆಯ ದಿನ ಜೋಳದ ರೊಟ್ಟಿ ಕಟ್ಟಿಕೊಂಡು ಹೋಗಿ ಮೊಗಲಪ್ಪನ ಹೊಸ್ತಿಲಲ್ಲಿ ಇಟ್ಟು, ಕರೆಯದೆ ಮರಳುತ್ತಿದ್ದ. ಸ್ಟೇಷನ್ನಿನಲ್ಲಿ ಮೂಟೆ ಹೊರುವ ಮೊಗಲಪ್ಪ ಅದನ್ನು ತಿಂದನೋ ನಾಯಿಗೆ ಹಾಕಿದನೋ, ಅಪ್ಪ ಕೇಳಲಿಲ್ಲ. ರೇವಪ್ಪನಿಗೆ ಆಗ ಅಪ್ಪನ ಮೇಲೆ ಹೇಸಿಗೆಯಾಗಿತ್ತು.

*

ರೇವಪ್ಪ ಮೊದಲನೇ ಗಂಟೆ ಹೊಡೆದ. ಅಯ್ಯನವರು ಆಗಷ್ಟೇ ಬಂದರೆಂದು ಯಾರೋ ಕೂಗಿದರು. ಎರಡನೆಯದು ಹೊಡೆಯುವ ಹೊತ್ತಿಗೆ ಹೆಣ ಕೂರಿಸಿ ಹೊತ್ತ ಬಿದಿರಿನ ವಿಮಾನ ಖಣಿಯ ಏರಿಯ ಕೆಳಗಿನ ದಾರಿಗೆ ಬಂದಿತ್ತು. ನಾಲ್ಕು ಮೂಲೆಗೆ ನಾಲ್ವರು, ಪಕ್ಕದಲ್ಲಿ ಅವ್ವ. ಮುಂದಿನ ಮೂಲೆಯಲ್ಲಿ ಕಾಶಪ್ಪ, ಹಿಂದಿನದರಲ್ಲಿ ಮೊಗಲಪ್ಪ. ಅವನು ಬಂದಿದ್ದಾನೆಂದು ರೇವಪ್ಪನಿಗೆ ಗೊತ್ತೇ ಇರಲಿಲ್ಲ. ನಡುವೆ ಅಪ್ಪ, ವಿಭೂತಿ ಬಳಿದುಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಿದ್ದ.

ಗಂಟೆ ಕೇಳಿದ ಕಾಲುಗಳು ತಾವಾಗಿ ಬಿರುಸಾದವು. ಹಿಂದಿದ್ದ ಜನರಲ್ಲಿ ಒಬ್ಬೊಬ್ಬರೇ ಕಳಚಿಕೊಂಡು ತಲೆತಗ್ಗಿಸಿ ಏರಿ ಹತ್ತಿದರು.

“ಮೂರನೇದಕ್ಕ ಹೊತ್ತಾತು,” ಎಂದ ಆತ್ಮಾರಾಮ.

ಕೆಳಗಿನಿಂದ ಕಾಶಪ್ಪ ಕೂಗಿದ: “ರೇವಪ್ಪಾ, ಕುಣಿ ಇಲ್ಲೇ ಅದ! ಇಳಿಸಿ ಬರ್ತೀವಿ, ಒಂದು ಉಸಿರು ತಡಿಯೋ!”

ರೇವಪ್ಪ ಫಾಟಕದ ಕಡೆ ನೋಡಿದ. ಫಾಟಕದ ಹೊರಗೆ ಕೂತವರೆಲ್ಲ ಎದ್ದು ನಿಂತಿದ್ದರು. ಅವರ ಕಣ್ಣು ಹೆಣದ ಮೇಲಿರಲಿಲ್ಲ, ಅವನ ಸುತ್ತಿಗೆಯ ಮೇಲಿತ್ತು. ತಡೆದರೆ ಅವ್ವನಿಗೆ ಇಂದೇ ಸೂರಿಲ್ಲ. ಸತ್ತವನ ಮೇಲೆ ಅವನಿಗೆ ಸಿಟ್ಟು ಬಂತು, ಅಳು ಬಂತು. ಅಂದು ಅಪ್ಪ ಉಣ್ಣದಿದ್ದದ್ದು ಯಾಕೆಂದು ಈಗ ಅರ್ಥವಾಯಿತು, ಅರ್ಥವಾಗಿ ಏನೂ ಉಪಯೋಗವಾಗಲಿಲ್ಲ.

ಅವನು ಕೈ ಎತ್ತಿದ. ಎತ್ತಿದ ಕೈ ಕೆಳಗಿನವರಿಗೂ ಕಂಡಿತು.

“ತಪ್ಪಾತು, ವೈಜಿನಾಥಪ್ಪಾ,” ಎಂದ ಕಾಶಪ್ಪ. ಮೊಣಕಾಲು ಬಗ್ಗಿಸಿ ತನ್ನ ಮೂಲೆಯನ್ನು ನೆಲಕ್ಕಿಟ್ಟ. ಇನ್ನಿಬ್ಬರೂ ಇಟ್ಟರು. ಮುನ್ಶಿ ಇನ್ನೊಮ್ಮೆ “ಹೊತ್ತಾತು” ಎನ್ನುವಷ್ಟರಲ್ಲಿ ಮೂವರೂ ಏರಿ ಹತ್ತಿ ಓಡಿ ಬಂದು ಫಾಟಕದೊಳಗೆ ನುಗ್ಗಿದರು. ರೇವಪ್ಪ ಹೊಡೆದ. ಫಾಟಕ ಮುಚ್ಚಿತು.

ಕಂಬಿಯ ಸದ್ದು ಅಡಗುವವರೆಗೆ ಅವನು ತಲೆ ಎತ್ತಲಿಲ್ಲ. ಎತ್ತಿದಾಗ, ಕೆಳಗಿನ ದಾರಿಯಲ್ಲಿ ವಿಮಾನದ ಮೂರು ಮೂಲೆಗಳು ನೆಲದ ಮೇಲಿದ್ದವು. ನಾಲ್ಕನೆಯದು ಇನ್ನೂ ಮೊಗಲಪ್ಪನ ಹೆಗಲ ಮೇಲಿತ್ತು. ಬಿಗಿದ ವಸ್ತ್ರ ಸಡಿಲಾಗಿ ಅಪ್ಪನ ತಲೆ ಎಡಕ್ಕೆ ವಾಲಿತ್ತು, ಸುಗಲಾಬಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.