ಭಾವನೊಡನೆ ಜಗಳ ನಿಂತ ವಾರ

ಹಾಡಿಗೆ ಮಾತು ನನ್ನದು, ರಾಗ ಭಾವನದು. ಹನ್ನೆರಡು ವರ್ಷದಿಂದ ಹೀಗೆಯೇ. ಜಗಳವಿಲ್ಲದೆ ಒಂದು ಹಾಡನ್ನೂ ಮುಗಿಸಿದವರಲ್ಲ ನಾವು. ಪ್ರೇಮಗೀತೆಯಾದರೆ ಪಿಸುದನಿಯಲ್ಲೇ ಹಲ್ಲು ಕಡಿಯುತ್ತಿದ್ದೆವು. ಕುಣಿತದ ಹಾಡಾದರೆ ಮೇಜು ಗುದ್ದುತ್ತಿದ್ದೆವು. ರಾಕ್ ಆದರೆ ಒಬ್ಬರಾದರೂ ದಡಾರನೆ ಬಾಗಿಲು ಹಾಕಿಕೊಂಡು ಹೋಗಲೇಬೇಕು. ರ‍್ಯಾಪ್ ಬರೆದ ದಿನವಂತೂ ಕೆಳಗಿನ ಮನೆಯವರು ಪೊಲೀಸರನ್ನೇ ಕರೆಸಿದ್ದರು.

ಕಳೆದ ವಾರ ಡಾಕ್ಟರು ಭಾವನ ಬಿ.ಪಿ. ನೋಡಿ, ಇನ್ನು ಜಗಳ ಕೂಡದು ಎಂದರು. ಅಕ್ಕ ನಮ್ಮ ಕೋಣೆಯಲ್ಲೇ ಕಾವಲು ಕೂತಳು. ಅದೇ ವಾರ ಒಬ್ಬ ಗಾಯಕಿಗೆ ಪ್ರೇಮಭಂಗದ ಹಾಡು ಬೇಕಿತ್ತು. ಕೊನೆಯ ದಿನ ಬೆಳಗ್ಗೆ ಫೋನ್ ಮಾಡಿ, ಇವತ್ತು ನಾಲ್ಕರೊಳಗೆ ಹಾಡು ಬಾರದಿದ್ದರೆ ಬೇರೆ ಜೋಡಿಯ ಹತ್ತಿರ ಹೋಗುತ್ತೇನೆ ಎಂದಿದ್ದಳು.

“ಪಲ್ಲವಿ ಹೇಗಿದೆ ಭಾವ?”

“ಬಹಳ ಚೆನ್ನಾಗಿದೆ.”

“‘ವಿರಹದ ಜ್ವಾಲೆ’ ಸ್ವಲ್ಪ ಜಾಸ್ತಿ ಆಯ್ತೇನೋ?”

“ನಿನ್ನಿಷ್ಟ ಕಣೋ.”

“ಇಲ್ಲ ಭಾವ, ನಿಮ್ಮಿಷ್ಟ.”

ಭಾವ ನನ್ನ ಸಾಲನ್ನು ಹೊಗಳಿದ್ದು ಅದೇ ಮೊದಲು. ನನ್ನ ಮೇಲೆ ಆಸೆಯೇ ಬಿಟ್ಟಿದ್ದಾರೆ, ನಮ್ಮ ಜೋಡಿ ಮುಗಿಯಿತು ಎಂದುಕೊಂಡೆ. ಮೂರು ಗಂಟೆಯ ಹೊತ್ತಿಗೆ ಹಾಡು ಲಿಫ್ಟಿನೊಳಗೆ ಅಂಟಿಸಿದ ಸೂಚನೆಯಷ್ಟು ಸಭ್ಯವಾಗಿತ್ತು.

ಅಕ್ಕನಿಗೆ ತಡೆಯಲಾಗಲಿಲ್ಲ. “ಲೋ, ಬಿಟ್ಟು ಹೋಗೋನಿಗೆ ಯಾವಳಾದ್ರೂ ‘ಓ ಪ್ರಾಣಸಖನೇ’ ಅಂತಾಳೇನೋ? ‘ನನ್ನ ಚಾರ್ಜರ್ ಕೊಟ್ಟು ಹೋಗು’ ಅಂತಾಳೆ!”

“ಹಾಡಲ್ಲಿ ಚಾರ್ಜರ್ ಹಾಕೋಕಾಗುತ್ತೇನೇ? ಇದು ದುಃಖದ ಹಾಡು!” ಎಂದೆ.

“ಚಾರ್ಜರ್ ಹೋದ್ರೆ ದುಃಖ ಆಗಲ್ವಾ?”

“ಹಾಡಿನ ವಿಷಯ ನಿಂಗೇನೇ ಗೊತ್ತು?”

“ಹನ್ನೆರಡು ವರ್ಷ ಗೋಡೆ ಆಚೆಯಿಂದ ಕೇಳಿದೀನಲ್ಲ, ಸಾಲ್ದಾ? ಅವಳು ಛತ್ರಿನೂ ವಾಪಸ್ ಕೇಳ್ತಾಳೆ, ಬರ್ಕೋ!”

“ಛತ್ರಿ ಬೇಕಾದ್ರೆ ಹಾಕ್ತೀನಿ, ಚಾರ್ಜರ್ ಸತ್ರೂ ಹಾಕಲ್ಲ!”

ಕೂಗಿದ ಮೇಲೆ ಹೆದರಿ ಭಾವನ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ ನಮ್ಮ ಕೂಗಾಟದ ಏರಿಳಿತಕ್ಕೇ ಕೀಬೋರ್ಡ್ ನುಡಿಸುತ್ತಿದ್ದರು. ರಾಗ ಕರುಳು ಹಿಂಡುವಂತಿತ್ತು. ಚಾರ್ಜರ್ ಸರಿಯಾಗಿ ತಾಳಕ್ಕೆ ಕೂತಿತು. ಹಾಕಿದೆ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಹಾಡು ಹೋಯಿತು. ಸ್ವಲ್ಪ ಹೊತ್ತಿಗೇ ಗಾಯಕಿ ಮೂಗೊರೆಸಿಕೊಳ್ಳುತ್ತ ಫೋನ್ ಮಾಡಿದಳು. “ನನ್ನ ಚಾರ್ಜರೂ ಇನ್ನೂ ಅವನ ಹತ್ರಾನೇ ಇದೆ ಸಾರ್! ಮುಂದಿನದು ಜೋಗುಳ. ಅದೂ ನೀವೇ ಬರೀಬೇಕು.”

“ಜೋಗುಳಾನಾ?” ಎಂದಳು ಅಕ್ಕ. “ಇವನು ಎರಡು ಸಾಲು ಓದಿದ್ರೆ ಸಾಕು. ಮಗು ಏನು, ಇಡೀ ಬೀದಿ ಮಲಗುತ್ತೆ.”

ಭಾವ ಅವಳ ಕೈಗೆ ಒಂದು ಪೆನ್ನು ಕೊಟ್ಟರು.